ಬಾಯ್ಲರು ಇಬ್ಬರದು

ಶಗುಫ್ತಾಗೆ ಇವತ್ತು ಸಮಾಜ ಪರೀಕ್ಷೆ.
ಒಳಗೆ ಕೂತರೆ ನಿದ್ದೆ ಬರ್ತದೆ ಅಂತ
ಪುಸ್ತಕ ಎತ್ಕೊಂಡು ಬಂದು ನನ್ನ ಬೇಸಿನ್ ಪಕ್ಕ
ಗೂಡಿನ ಮಂಕರಿ ಬೋರಲು ಹಾಕಿ ಕೂತವಳೆ.
ಶಿಡ್ಲಘಟ್ಟಕ್ಕೆ ಇನ್ನೂ ಬೆಳಕು ಬಿದ್ದಿಲ್ಲ.
ಹಬೆಯೊಳಗೆ ಅವಳ ಮೂಗು ಮಾತ್ರ ಕಾಣ್ತದೆ.

"ಮೂರು ಪಟ್ಟಿ ನಾರಕ್ಕ. ತಪ್ಪಿದರೆ ಹೇಳು."
ತಪ್ಪಿದ್ದು ನನಗೆ ಹೆಂಗೆ ಗೊತ್ತಾಗಬೇಕು ತಾಯಿ,
ನಾನು ಕಂಡಿದ್ದು ನಾಲ್ಕನೇ ಕ್ಲಾಸಿನ ಅರ್ಧ.
ಆದರೂ ಹೂಂ ಅಂದೆ.
ಕೈ ಬಿಸಿನೀರಲ್ಲಿತ್ತು, ಕಿವಿ ಖಾಲಿ ಇತ್ತು.

ಸೈನ್ಯ, ರೈಲು, ಅಂಚೆ, ನೋಟು ದಿಲ್ಲಿಗೆ.
ಪೊಲೀಸು, ಆಸ್ಪತ್ರೆ, ಸಂತೆ, ಕೆರೆನೀರು ಬೆಂಗಳೂರಿಗೆ.
ಕಾಡು, ಕರೆಂಟು, ಮದುವೆ, ಶಾಲೆ
ಇಬ್ಬರಿಗೂ.
ಇಬ್ಬರ ಕಾನೂನೂ ತಲೆಗೆ ತಲೆ ಕೊಟ್ಟರೆ
ದಿಲ್ಲಿಯದೇ ನಿಲ್ಲೋದು,
'ಸಾಮಾನ್ಯವಾಗಿ' ಅಂತ ಮೇಷ್ಟ್ರು
ಪಕ್ಕದಲ್ಲಿ ಸಣ್ಣಗೆ ಬರೆಸವ್ರಂತೆ.

"ಇಬ್ಬರೂ ತಪ್ಪಿದರೆ?"
"ಕೋರ್ಟು."
"ಕೋರ್ಟು ಯಾರದು?"
ಸ್ವಲ್ಪ ಹೊತ್ತು ಯೋಚಿಸಿ ಅಂದಳು,
"ಸಂವಿಧಾನದ್ದು."

ಹಂಗಾದರೆ ಈ ಬೇಸಿನ್ ಯಾರದು ಅಂತ
ನನ್ನಷ್ಟಕ್ಕೆ ನಾನು ಲೆಕ್ಕ ಹಾಕ್ತಾ ಹೋದೆ.
ಗೂಡು ಹರಾಜಾಗೋ ಮಾರ್ಕೆಟ್ಟು ಬೆಂಗಳೂರಿನವರದು.
ಚೀನಾ ನೂಲಿನ ಮೇಲಿನ ಸುಂಕ ದಿಲ್ಲಿಯವರದು,
ಅದು ಇಳಿದ ವಾರ ನಮ್ಮ ಕೂಲಿ ಅರ್ಧ ನಿಂತಿತ್ತು.
ಚರಕ ತಿರುಗಿಸೋ ಕರೆಂಟು ಇಬ್ಬರದು,
ಹೋದಾಗ ಮಾತ್ರ ಯಾರದೂ ಅಲ್ಲ.
ಬಾಯ್ಲರಿನ ಹೆಸರನ್ನೂ ಆ ದೊಡ್ಡ ಪುಸ್ತಕದಲ್ಲಿ
ಇಬ್ಬರ ಪಟ್ಟಿಗೆ ಸೇರಿಸಿ ಬರೆದೈತಂತೆ.
ನೋಟೀಸು ಬಂದ ವರ್ಷ ರವೂಫ್ ಸಾಬರು
ವಕೀಲರ ಹತ್ತಿರ ಕೇಳಿ ತಿಳ್ಕೊಂಡ ಮಾತು.
ಅಷ್ಟು ದೊಡ್ಡ ದೇಶ ಕಟ್ಟೋಕೆ ಕೂತವರು
ಬಾಯ್ಲರು ಮರೆತಿಲ್ಲ ನೋಡಿ.

ಎಂಟು ಗೂಡಿನ ಎಳೆ ಸೇರಿದರೆ ಒಂದು ನೂಲು.
ಓಡ್ತಾ ಓಡ್ತಾ ಒಂದು ಗೂಡು ತೀರ್ತದೆ,
ಹುಳ ಮಾತ್ರ ಉಳೀತದೆ. ನೂಲು ತೆಳ್ಳಗಾಗಿದ್ದು
ಕಣ್ಣಿಗೆ ಮುಂಚೆ ಬೆರಳಿಗೆ ಗೊತ್ತಾಗ್ತದೆ.
ಇನ್ನೊಂದರ ತುದಿ ಎಸೀತೀನಿ,
ಗಂಟು ಹಾಕೋದಿಲ್ಲ, ಓಟದಲ್ಲೇ ಹಿಡ್ಕೊಳ್ತದೆ.
"ಐದು ವರ್ಷಕ್ಕೊಂದು ಸಲ," ಓದ್ತಾ ಇದ್ದಳು ಆಕೆ.

ರೇಷನ್ ಅಂಗಡಿ ಯಂತ್ರ ನನ್ನ ಹೆಬ್ಬೆಟ್ಟು ಒಪ್ಪಲ್ಲ.
ಇಪ್ಪತ್ತೆರಡು ವರ್ಷದ ಬಿಸಿನೀರಲ್ಲಿ
ಗೆರೆಗಳೂ ನೂಲಿನ ಜೊತೆ ಬಿಚ್ಚಿಕೊಂಡು ಹೋದವು.
"ನಾನೇನು ಮಾಡ್ಲಮ್ಮ, ಸರ್ವರ್ರು ಮೇಲಿಂದು,"
ಅಂದ ಅಂಗಡಿ ಪಿಳ್ಳಪ್ಪ, ಬೆರಳು ಮೇಲೆತ್ತಿ.
ಮೇಲೆ ನೋಡಿದೆ. ಹಲ್ಲಿ ಇತ್ತು.

ಓಟಿನ ದಿನ ಮಾತ್ರ ಬೇರೆ.
ಜಿಲ್ಲೆ ಚಿಕ್ಕಬಳ್ಳಾಪುರ, ಪಾರ್ಲಿಮೆಂಟಿಗೆ ನಾವು ಕೋಲಾರ,
ಅದೂ ಯಾಕೋ ಗೊತ್ತಿಲ್ಲ, ಹೋಗಿ ಸಾಲಲ್ಲಿ ನಿಂತೆ.
ಚೀಟಿ ನೋಡಿದರು, ಮುಖ ನೋಡಿದರು,
ಗೆರೆ ಕೇಳಲಿಲ್ಲ. ಎಡಗೈ ಕೊಡಿ ಅಂದರು.
ಬೆಂದ ಚರ್ಮಕ್ಕೆ ಮಸಿ ಚುರ್ ಅಂತು.
ರವೂಫ್ ಸಾಬರ ಬೆರಳಿಗೂ ಅಷ್ಟೇ ಉದ್ದ,
ಅಳೆದು ನೋಡಿದೀನಿ.

ಅವರದು ಉಗುರಲ್ಲಿ ತಿಂಗಳುಗಟ್ಟಲೆ ಉಳೀತು.
ನನ್ನದು ಎಂಟನೇ ದಿನಕ್ಕೆ ಸಿಪ್ಪೆ ಸುಲಿದು
ಬೇಸಿನ್ನಿಗೆ ಬಿತ್ತು. ಆ ನೀರಿನ ನೂಲು
ಯಾರ ಮನೆ ಧಾರೆ ಸೀರೆಗೆ ಹೋಯ್ತೋ,
ನನ್ನ ಓಟಿನ ಒಂದು ಚೂರು
ಅದರ ಮಡಿಕೆಯಲ್ಲಿ ಇದ್ದರೂ ಇರಬಹುದು.

ಶಗುಫ್ತಾ ಪುಸ್ತಕ ಮುಚ್ಚಿದಳು. ಹಾಳೆಗಳು ಹಬೆಗೆ ಉಬ್ಬಿದ್ದವು.
ಹೊರಗೆ ಸತ್ತ ಹುಳದ ವಾಸನೆ ಎದ್ದಿತ್ತು,
ಚರಂಡಿ ಕಟ್ಟಿ ಇವತ್ತಿಗೆ ಹದಿಮೂರು ದಿನ.
"ಏನಮ್ಮಿ, ಈ ಚರಂಡಿ ಯಾವ ಪಟ್ಟಿ?"
"ಅದು ನಗರಸಭೆ ನಾರಕ್ಕ, ಬೇರೆ ಪಾಠ.
ಇವತ್ತಿನ ಪರೀಕ್ಷೆಗಿಲ್ಲ."