ಮೂರನೇ ಕಂಬದ ದೀಪ

ಮತೋಸಿನ್ಯೋಸ್ ಬಂದರಿನ ಹಿಂಬದಿಗೆ ನಮ್ಮ ಕಾರ್ಖಾನೆ.
ಬೂತಾಯಿ ಮೀನಿನ ಡಬ್ಬಿಗೆ ಮುಚ್ಚಳ ಬಿಗಿಯುವ ಯಂತ್ರ ನನ್ನದು.
ನಿಮಿಷಕ್ಕೆ ತೊಂಬತ್ತು ಡಬ್ಬಿ, ತೊಂಬತ್ತು ಏಟು,
ಮೂವತ್ತೊಂದು ವರ್ಷ.
ಕೆಲಸಕ್ಕೆ ಕಿವಿ ಕೊಡು ಮಗನೇ, ಅಂದಿದ್ದ ಅಪ್ಪ.
ಕೊಟ್ಟೆ.
ಎರಡನ್ನೂ.

ಯಾರಿಗೂ ಹೇಳಲಿಲ್ಲ.
ಊಟದ ಗಂಟೆ ಹೊಡೆಯಿತೆಂದು ನನಗೆ ತಿಳಿಯುತ್ತಿದ್ದುದು
ಎದುರು ಸಾಲಿನ ಹೆಂಗಸರ ಕೈ
ಏಪ್ರನ್ನಿನ ಗಂಟಿಗೆ ಹೋದಾಗ.
ಅವರು ನಕ್ಕರೆ ನಾನೂ ನಕ್ಕೆ, ಅರೆಗಳಿಗೆ ತಡವಾಗಿ.
ಬೆನ್ನ ಹಿಂದಿನಿಂದ ಕರೆದು ಕರೆದು ಸೋತ ಮೇಸ್ತ್ರಿ
'ಅಬೀಲಿಯೊಗೆ ವಯಸ್ಸಾದ ಮೇಲೆ ಜಂಬ' ಅಂದನಂತೆ.
ಹೆಂಡತಿ ಮನೆಯಲ್ಲಿ ಕೂಗಿ ತಿಳಿಸಿದಳು.
ಇರಲಿ. ಜಂಬಕ್ಕೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಆಮೇಲೆ ಇಯೊಲಾಂಡ ಬಂದಳು.
ಹುಟ್ಟಿನಿಂದ ಕಿವಿ ಕೇಳದವಳು, ಹಾಗೆಂದು ಅರ್ಜಿಯಲ್ಲೇ ಬರೆದವಳು,
ಮೊದಲ ಸಾಲಿನಲ್ಲಿ, ಊರಿನ ಹೆಸರು ಬರೆದಷ್ಟು ಸಲೀಸಾಗಿ.
ಆಫೀಸಿನಲ್ಲಿ ಮೂರು ದಿನ ಗೊಣಗಾಟ:
ಬೆಂಕಿ ಬಿದ್ದರೆ? ಸೈರನ್ ಕೂಗಿದರೆ?
ಒಬ್ಬಳಿಗಾಗಿ ಇಷ್ಟು ತಂತಿ, ಇಷ್ಟು ಬಲ್ಬು, ಯಾರ ಲೆಕ್ಕಕ್ಕೆ?
ನಾನೂ ತಲೆಯಾಡಿಸಿದೆ, ಎಲ್ಲರೂ ಆಡಿಸುತ್ತಿದ್ದರಲ್ಲ.
(ಯಾವುದಕ್ಕೆಂದು ಆಮೇಲೆ ಗೊತ್ತಾಯಿತು.)

ಮಂಗಳವಾರ ಎಲೆಕ್ಟ್ರಿಷಿಯನ್ ಏಣಿ ಹತ್ತಿ
ಮೂರನೇ ಕಂಬಕ್ಕೆ ಹಳದಿ ದೀಪ ಸಿಕ್ಕಿಸಿ ಹೋದ.
ಬುಧವಾರ ಅದು ಹತ್ತಿ ಆರಿತು, ಮೂರು ಸಲ.
ಇಡೀ ಶೆಡ್ಡಿನಲ್ಲಿ ಮೊದಲು ನಿಂತದ್ದು ನನ್ನ ಯಂತ್ರ.

ಹನ್ನೊಂದು ವರ್ಷದ ಮೇಲೆ
ಯಾರ ಕೈಯನ್ನೂ ಕದ್ದು ನೋಡದೆ ಊಟಕ್ಕೆದ್ದೆ.

ಇಯೊಲಾಂಡ ನೋಡುತ್ತಿದ್ದಳು.
ನೋಡುತ್ತಲೇ ಬೆಳೆದವಳು; ಅವಳಿಂದ ಏನು ಮುಚ್ಚಿಡಲಿ,
ಮುಚ್ಚಳ ಬಿಗಿಯುವುದೇ ಕಸುಬಾದರೂ?

ರೊಟ್ಟಿ ಮುರಿದು ಅರ್ಧ ನನ್ನತ್ತ ತಳ್ಳಿದಳು.
ಕೈಯಲ್ಲಿ ಏನೋ ಅಂದಳು. ಅರ್ಥವಾಗಲಿಲ್ಲ. ಅಭ್ಯಾಸಬಲ,
ತಲೆಯಾಡಿಸಿದೆ.
ಅವಳು ಆಡಿಸಲಿಲ್ಲ.
ನನ್ನ ಮಣಿಕಟ್ಟು ಹಿಡಿದು,
ಎಣ್ಣೆಗಪ್ಪು ಬೆರಳುಗಳನ್ನು ಒಂದೊಂದೇ ಬಿಡಿಸಿ,
ಅಂಗೈ ಮೇಲಾಗಿಸಿ, ಚೂರು ಅಲುಗಿಸಿ,
ಹುಬ್ಬು ಎಷ್ಟು ಗಂಟಿಕ್ಕಬೇಕೆಂದೂ ತೋರಿಸಿ
ಕಲಿಸಿದಳು ಒಂದು ಮಾತು.

ಬಾಯಿಗೆ ಬಂದದ್ದನ್ನು ಇಷ್ಟು ವರ್ಷ ನುಂಗಿದ್ದ ಮಾತು:
ಏನಂದೆ? ಇನ್ನೊಮ್ಮೆ ಹೇಳು.

ಕೇಳಿದೆ.
ಅವಳು ಇನ್ನೊಮ್ಮೆ ಹೇಳಿದಳು,
ರೊಟ್ಟಿ ಮುಟ್ಟಿ, ಹಲ್ಲು ಮುಟ್ಟಿ:
ನಿನ್ನೆಯದು. ಗಟ್ಟಿ.