ಲೆಲೆಕ್‌ಗೆ, ಡ್ರಮ್ಮಿನ ಹಿಂದಿನಿಂದ

ವುಚ್ ನಗರದ ಹಳೆಯ ನೂಲಿನ ಗಿರಣಿ,
ಈಗ ಬಿಯರ್ ಮಾರುವ ಕ್ಲಬ್ಬು.
ಮೊದಲ ರಾತ್ರಿ ಹನ್ನೊಂದು ಜನ,
ಅದರಲ್ಲಿಬ್ಬರು ಹಿಮ ನಿಲ್ಲಲೆಂದು ಒಳಬಂದವರು.

ನಮ್ಮ ಪೋಲಿಷ್ ಬಲು ಕಟ್ಟುನಿಟ್ಟು:
'ನಾನು ಹಾಡಿದೆ' ಅನ್ನುವುದಕ್ಕೂ
ಗಂಡೋ ಹೆಣ್ಣೋ ಹೇಳಿಯೇ ಮುಂದೆ ಹೋಗಬೇಕು,
ಟ್ರಾಮಿನಲ್ಲಿ ಟಿಕೆಟ್ ತೋರಿಸಿದ ಹಾಗೆ.
ನೀನು ಎರಡೂ ಅಲ್ಲ.
ಅದಕ್ಕೇ ಬರೆದದ್ದೆಲ್ಲ
ಹಾಡುತ್ತೇನೆ, ಹೊರಡುತ್ತೇನೆ, ಮರೆಯುತ್ತೇನೆ.
ಬಿಟ್ಟುಹೋದ ಪ್ರೀತಿಯೂ ನಿನ್ನಲ್ಲಿ
ಇನ್ನೂ ಬಿಟ್ಟುಹೋಗುತ್ತಲೇ ಇದೆ.

ಪತ್ರಿಕೆಯವರು ಅದನ್ನು ಶೈಲಿ ಅಂದರು.
ಆಮೇಲೆ ರೇಡಿಯೋ, ಮೂರು ಸಾವಿರ ಕುರ್ಚಿ,
ಒಂದು ಪ್ರಶಸ್ತಿಯ ಅರ್ಜಿ: ಗಾಯಕ, ಗಾಯಕಿ, ಎರಡೇ ಚೌಕ.
ಅಂಚಿನಲ್ಲಿ ಇರುಳುಹಕ್ಕಿಯೊಂದನ್ನು ಗೀಚಿ ಕಳಿಸಿದೆ.
ವಾಪಸು ಬಂತು.

ಇವತ್ತು ನಿಮ್ಮಜ್ಜಿ ಗೆನೊವೇಫಾ,
ಇದೇ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು
ಅರ್ಧ ಕಿವಿ ಮಗ್ಗಕ್ಕೆ ಕೊಟ್ಟವಳು,
ಬೀಟ್‌ರೂಟ್ ಸಾರು ಬಡಿಸುತ್ತ
ಬಾಯಿ ತೆರೆದಳು, ತಡೆದಳು,
ಸೌಟು ಗಾಳಿಯಲ್ಲೇ ನಿಂತಿತು.

"ನಿನ್ನೆ ಹೇಗೆ ಹಾಡುತ್ತೀಯ, ಮರಿ?"

ಎಪ್ಪತ್ತೊಂಬತ್ತರ ನಾಲಿಗೆ,
ಒಂದು ತಪ್ಪನ್ನು ಅಷ್ಟು ನಾಜೂಕಾಗಿ ಮಾಡಿತು.

ನೀನು ನಗಲಿಲ್ಲ.
"ನಿನ್ನೆ ಚೆನ್ನಾಗಿ ಹಾಡುತ್ತೇನೆ, ಅಜ್ಜಿ" ಅಂದೆ.

ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.