ಮೇಲ್ದವಡೆಯ ಎಡಗಡೆ

ಊರಿನ ಹೆಸರು ಹಲ್.
ಹಲ್ಲಿನ ಸೆಟ್ಟು ಕಟ್ಟುವ ಕಸುಬಿನವಳು ನಾನು.
ಈ ತಮಾಷೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ,
ಹನ್ನೊಂದು ವರ್ಷದಿಂದ ಒಬ್ಬಳೇ ನಗುತ್ತಿದ್ದೇನೆ.

ಕೊನೆಯ ಆಟ ಬಿಟ್ಟಾಗ ಒಂದೂ ಹತ್ತು.
ಹಂಬರ್ ಕಡೆಯ ಗಾಳಿ
ಕೆನೆಬಣ್ಣದ ಫೋನ್ ಡಬ್ಬಿಯ ಬಾಗಿಲು ಬಡಿಯುತ್ತಿತ್ತು.
ನಾವು ನಾಲ್ವರು ಸ್ಟಾವ್ರೋಸನ ಅಂಗಡಿ ಹೊಕ್ಕು,
ಕರಿದ ಆಲೂಗಡ್ಡೆಯ ಮೇಲೆ
ಈ ಊರಿನ ಕೆಂಪು ಮಸಾಲೆ ಉದುರಿಸಿಕೊಂಡು
ಖಳನ ವಿಚಾರಣೆಗೆ ಕೂತೆವು.

ನಾಯಕನ ಸುದ್ದಿ ಯಾರೂ ಎತ್ತಲಿಲ್ಲ.
ಪಾಪ, ಎರಡೂವರೆ ತಾಸು ಕತ್ತಲಲ್ಲಿ ನೆನೆದಿದ್ದ,
ಸೇತುವೆಯಿಂದ ಸೇತುವೆಗೆ ಹಾರಿದ್ದ,
ಊರು ಉಳಿಸಿದ್ದ. ಇರಲಿ.

ಆ ನಗು, ಎಂದ ಡೆಕ್ಲನ್,
ಬಂದರಿನಲ್ಲಿ ಕ್ರೇನು ನಡೆಸುವವನು,
ಎರಡನೆಯ ಸಲ ನೋಡಿದವನೆಂಬ ಗತ್ತು ಬೇರೆ.
ನಕ್ಕು ತೋರಿಸಲು ಹೋಗಿ
ವಿನೆಗರ್ ನೆತ್ತಿಗೇರಿ ಕೆಮ್ಮಿ ಕಣ್ಣೀರಾದ.
ನಗುವಲ್ಲ ಕಣೋ, ನಗು ನಿಲ್ಲಿಸುವುದು, ಎಂದಳು ಓಯಿಂಕನ್.
ಫ್ಯಾನು ಆರಿಸಿದ ಹಾಗೆ:
ರೆಕ್ಕೆ ಇನ್ನೂ ತಿರುಗುತ್ತಿದೆ, ಒಳಗೆ ಕರೆಂಟಿಲ್ಲ.
ಟ್ಯಾಮ್ಸಿನ್‌ಗೆ ಎರಡೂ ಒಪ್ಪಿಗೆಯಿಲ್ಲ.
ಬಣ್ಣ ತೊಳೆದರೆ ಏನಿದೆ ಅವನಲ್ಲಿ?
ಬರೀ ಕೂಗಾಟ. ಪ್ರಶಸ್ತಿಗೆ ಹಾಕಿಕೊಂಡ ಅರ್ಜಿ.
ಡೆಕ್ಲನ್ ಹಲ್ಲು ಕಡಿದ.
ಕೇಳಿಸಿತು ನನಗೆ. ದವಡೆಹಲ್ಲು ಆಗಲೇ ಸವೆದಿವೆ ಅವನವು.

ನೀನು ಹೇಳೇ, ಎಂದರು.

ನಾನು ನೋಡಿದ್ದು ಬೇರೆ.
ಸುಳ್ಳು ಹೇಳುವ ಮುಂಚೆ, ಪ್ರತಿ ಸಲ,
ಅವನ ನಾಲಿಗೆ ಮೇಲ್ದವಡೆಯ ಎಡಗಡೆ ಹೋಗಿ
ಏನನ್ನೋ ಒತ್ತಿ ಬರುತ್ತದೆ.
ಮೇಯರನ ಮುಂದೆ. ಅನಾಥ ಮಕ್ಕಳ ಮುಂದೆ.
ಲಿಫ್ಟಿನಲ್ಲಿ ಆ ಮುದುಕಿಯ ಚೀಲ ಹಿಡಿದುಕೊಂಡಾಗ.
ಅದು ಕಟ್ಟಿಸಿಕೊಂಡ ಹಲ್ಲು. ಅಳತೆ ಕೂತಿಲ್ಲ.
ಕೂದಲೆಳೆಯಷ್ಟು ಎತ್ತರ, ಒಸಡಿಗೆ ತಾಗಿ ಹುಣ್ಣಾಗಿದೆ.
ನನ್ನ ಕುರ್ಚಿಯಲ್ಲಿ ಕೂರುವ ಹಳೆಯ ಮೀನುಗಾರರು
ಹೀಗೇ ಮಾಡುತ್ತಾರೆ,
ಚೆನ್ನಾಗಿದೆಯಮ್ಮ, ನೋವೇನಿಲ್ಲ, ಅನ್ನುವ ಮುಂಚೆ.
ಇದನ್ನು ಯಾರೂ ಬರೆದುಕೊಟ್ಟಿರಲಾರರು.
ಎಲ್ಲೋ ಒಬ್ಬ ಮುದುಕನ ಎದುರು ಊಟಕ್ಕೆ ಕೂತು
ಕದ್ದು ತಂದಿದ್ದಾನೆ ಆ ನಟ.
ಊರು ಸುಡುವವನ ಬಾಯೊಳಗೆ ಇಷ್ಟೇ ಇಷ್ಟು ನೋವು.
ಹಲ್ಲು ಕಚ್ಚಿ ಸಹಿಸೋಣವೆಂದರೆ
ನೋವು ಇರುವುದೇ ಹಲ್ಲಿನಲ್ಲಿ.

ಕಂಪ್ಲಿಯ ಬಯಲಾಟದಲ್ಲಿ ದುರುಗಪ್ಪ ರಕ್ಕಸ.
ಪಂಜಿಗೆ ರಾಳ ಎರಚಿ, ಭುಗ್ಗೆಂದ ಬೆಂಕಿಯ ಹಿಂದಿನಿಂದ ಬಂದರೆ
ದೊಡ್ಡವರೇ ಎದ್ದು ಹಿಂದಕ್ಕೆ ಸರಿಯುತ್ತಿದ್ದರು.
ತಡಿಕೆಯ ಮರೆಯಲ್ಲಿ ಒಮ್ಮೆ ನೋಡಿದ್ದೆ:
ಕೋರೆಹಲ್ಲು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು
ಚಾ ಊದುತ್ತಿದ್ದ.
ನನ್ನ ಕಂಡು ಗಡಬಡಿಸಿ ಮತ್ತೆ ತೊಟ್ಟ, ಉಲ್ಟಾ.
ನಾನು ಚೀರಿದ್ದು ಆಗ.
ಇದನ್ನು ಅವರಿಗೆ ಹೇಳಲು ಶುರುಮಾಡಿ
ರಾಳಕ್ಕೆ ಇಂಗ್ಲಿಷು ಸಿಗದೆ ಬಿಟ್ಟೆ.

ಸ್ವಲ್ಪ ಹೊತ್ತು ಎಣ್ಣೆಯ ಸದ್ದು ಮಾತ್ರ.
ಹಾಗಾದರೆ ಇನ್ನೊಂದು ಸಲ ನೋಡಬೇಕು, ಎಂದಳು ಟ್ಯಾಮ್ಸಿನ್,
ಸೋತದ್ದನ್ನು ಒಪ್ಪದ ದನಿಯಲ್ಲಿ.
ಸ್ಟಾವ್ರೋಸ್ ಕುರ್ಚಿಗಳನ್ನು ಮೇಜಿಗೇರಿಸುತ್ತಿದ್ದ.
ನಿನಗೆ ಭಯವಾಗಲಿಲ್ಲವಾ ಡೆಕ್ಲನ್?
ನನಗಾ? ಛೆ,
ಎನ್ನುವ ಮೊದಲು ಅವನ ನಾಲಿಗೆ ಎಡಕ್ಕೆ ಹೊರಟದ್ದು
ಅಂಗಡಿಗೆ ಅಂಗಡಿಯೇ ಕಂಡಿತು.
ಮಸಾಲೆ ಮೆತ್ತಿದ ಬೆರಳು ತೋರಿಸಿ ತೋರಿಸಿ ನಕ್ಕೆವು.

ಬಸ್ಸು ನಿಂತಿದೆ. ಒಬ್ಬಳೇ ನಡೆದು ಹೋಗ್ತೀಯಾ,
ಈ ಹೊತ್ತಲ್ಲಿ, ಇಂಥ ಸಿನಿಮಾ ನೋಡಿ,
ಏನೂ ಅನ್ನಿಸಲ್ವಾ ನಿನಗೆ?

ಹತ್ತೇ ನಿಮಿಷದ ದಾರಿ, ಅನ್ನಿಸೋದೇನು,
ಎನ್ನಲು ಬಾಯಿ ತೆರೆದೆ.

ಮೂವರೂ
ನನ್ನ ಬಾಯನ್ನೇ ನೋಡುತ್ತಿದ್ದರು.